ಮೊದಲು ನೋಡಿ, ಆಮೇಲೆ ಹಚ್ಚಿ

ಮಗುವಿನ ಮೈಮೇಲೆ ಕೆಂಪು ಬೊಕ್ಕೆ ಕಂಡ ಕೂಡಲೇ ಈಗಿನವರು ಮಾಡುವ ಮೊದಲ ಕೆಲಸ ಏನು ಗೊತ್ತಾ? ಫೋಟೋ ಹೊಡೆದು ಹತ್ತು ಜನಕ್ಕೆ ಕಳಿಸುವುದು. ಎರಡನೆಯದು, ಕೈಗೆ ಸಿಕ್ಕಿದ್ದನ್ನು ಬಳಿಯುವುದು. ಮೊನ್ನೆ ತಂಗಿಯ ಮೊಮ್ಮಗನನ್ನು ಕುಮಟೆಯಿಂದ ಕರೆದುಕೊಂಡು ಬಂದರು. ಹೊಟ್ಟೆ, ಬೆನ್ನು ಎಲ್ಲ ಅರಿಶಿನ! ಬೊಕ್ಕೆಯ ಬಣ್ಣ ಯಾವುದು ಅಂತ ಡಾಕ್ಟರಾದರೂ ಹೇಗೆ ಹೇಳಬೇಕು? ಯಾರದೋ ಹಳೇ ತುರಿಕೆ ಟ್ಯೂಬನ್ನಂತೂ ಕೂಸಿನ ಮೈಗೆ ಮುಟ್ಟಿಸಲೇಬೇಡಿ.

ಬಟ್ಟೆ ಪೂರ್ತಿ ಬಿಚ್ಚಿ ಜಗುಲಿಯ ಬೆಳಕಿಗೆ ತನ್ನಿ. ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಅಂಗೈ, ಅಂಗಾಲು, ಬಾಯೊಳಗೆ, ಒಂದೂ ಬಿಡದೆ ನೋಡಿ. ಕುತ್ತಿಗೆ, ಬೆನ್ನಿನ ಮೇಲೆ ಸಾಸಿವೆಯಂಥ ಗುಳ್ಳೆ ಇದ್ದು ಮಗು ಆಡಿಕೊಂಡಿದ್ದರೆ ಹೆಚ್ಚಾಗಿ ಬೆವರುಸಾಲೆ. ನಮ್ಮ ಕರಾವಳಿಯ ಮೇ ತಿಂಗಳ ಸೆಕೆಗೆ ಅದು ಬಂದೇ ಬರುತ್ತದೆ. ಬಾಯಿಯ ಸುತ್ತ ಮಾತ್ರ ಕೆಂಪಾಗಿದ್ದರೆ ಮಾವಿನ ಸೊನೆ ತಾಗಿತಾ ಕೇಳಿ. ಈಶಾಡು ಹಣ್ಣಿನ ತೊಟ್ಟು ಮುರಿದು, ಸೊನೆ ಇಳಿಸಿ, ನೀರಿನಲ್ಲಿ ಹಾಕಿಡುವಷ್ಟೂ ತಾಳ್ಮೆ ಇಲ್ಲ ಈಗ ಯಾರಿಗೂ. ಇಲ್ಲಿ ಎದ್ದು ಅಲ್ಲಿ ಮಾಯವಾಗುವ ದಪ್ಪ ದದ್ದು ಪಿತ್ತಗಂಧೆ. ಅಂಗೈ, ಅಂಗಾಲು, ಬಾಯಿ ಮೂರರಲ್ಲೂ ಗುಳ್ಳೆ ಇದ್ದರೆ, ಇಲ್ಲವೇ ಮೈಯೆಲ್ಲ ನೀರುಗುಳ್ಳೆ ಇದ್ದರೆ ಅಂಗನವಾಡಿಗೆ ಕಳಿಸಬೇಡಿ, ಬೇರೆ ಮಕ್ಕಳಿಗೂ ಅಂಟುತ್ತದೆ.

ಜ್ವರ ಇದ್ದರೆ ಅದರ ಲೆಕ್ಕ ಸರಿಯಾಗಿ ಇಡಿ. ನನ್ನ ಕಿರಿಯವನಿಗೆ ಒಂದೂವರೆ ವರ್ಷವಾಗಿದ್ದಾಗ ಮೂರು ದಿನ ಕೆಂಡದಂಥ ಜ್ವರ. ನಾಲ್ಕನೇ ದಿನ ಮೈ ತಣ್ಣಗಾಯಿತು, ಎದೆಯ ತುಂಬ ಗುಲಾಬಿ ಚುಕ್ಕೆ ಎದ್ದಿತು. ಅತ್ತೆ ದಡಾರ ಅಂತ ಬೇವಿನ ಸೊಪ್ಪು ಹಾಸಿದರು. ನಾನು ಕೂಸನ್ನು ಎತ್ತಿಕೊಂಡು ಶಿರಸಿ ಬಸ್ಸು ಹತ್ತಿದೆ. ದಡಾರದಲ್ಲಿ ಜ್ವರ ಏರಿರುವಾಗಲೇ ಬೊಕ್ಕೆ ಬರುತ್ತದೆ, ಕೆಮ್ಮು, ನೆಗಡಿ, ಕೆಂಪು ಕಣ್ಣು ಇರುತ್ತದೆ, ಕಿವಿಯ ಹಿಂದೆ, ಮುಖದಲ್ಲಿ ಶುರುವಾಗಿ ಕೆಳಗಿಳಿಯುತ್ತದೆ ಅಂತ ಅಲ್ಲಿಯ ಡಾಕ್ಟರು ಬಿಡಿಸಿ ಹೇಳಿದರು. ಜ್ವರ ಬಿಟ್ಟ ಮೇಲೆ ಬಂದ ಇದು ತಾನಾಗಿ ಹೋಗುವಂಥದ್ದು ಅಂದರು. ಹೋಯಿತು ಕೂಡ. ದಡಾರದ ಲಸಿಕೆ ಮಗುವಿಗೆ 9 ತಿಂಗಳು ತುಂಬಿದಾಗ ಒಮ್ಮೆ, ಆಮೇಲೆ 16ರಿಂದ 24 ತಿಂಗಳ ಒಳಗೊಮ್ಮೆ ಇದೆ. ತಪ್ಪಿಸಬೇಡಿ.

ಗಾಜಿನ ಲೋಟದ ಪರೀಕ್ಷೆ ಕಲಿಸಿದವರೂ ಅವರೇ. ಹೂವಿನ ಚಿತ್ರ, ಗೆರೆ ಯಾವುದೂ ಇಲ್ಲದ ನೇರ ಲೋಟ ಬೇಕು. ಸ್ಟೀಲ್ ಲೋಟ ತಂದು ನಿಲ್ಲಬೇಡಿ. ತೊಳೆದು, ಒರೆಸಿ, ಅಂಗೈಯಲ್ಲಿ ತಿಕ್ಕಿ ತುಸು ಬೆಚ್ಚಗೆ ಮಾಡಿ. ತಣ್ಣಗಿದ್ದರೆ ಮಗು ಬೆಚ್ಚಿ ಅಳುತ್ತದೆ, ಅತ್ತರೆ ಮೈಯೆಲ್ಲ ಕೆಂಪೇರಿ ಏನೂ ತಿಳಿಯುವುದಿಲ್ಲ. ಲೋಟದ ಬದಿಯನ್ನು ಬೊಕ್ಕೆಯ ಮೇಲಿಟ್ಟು ಗಟ್ಟಿಯಾಗಿ ಒತ್ತಿ, ಗಾಜಿನ ಮೂಲಕವೇ ನೋಡಿ. ಒತ್ತಿದಾಗ ಕೆಂಪು ಮಾಸಿ, ಬಿಟ್ಟಾಗ ಮತ್ತೆ ತುಂಬಿಕೊಂಡರೆ ಉಸಿರು ಬಿಡಿ. ಒಂದು ಕಡೆ ಸಾಲದು, ನಾಲ್ಕೈದು ಕಡೆ ಒತ್ತಿ. ಮೈಬಣ್ಣ ಕಪ್ಪಗಿದ್ದರೆ ಅಂಗಾಲು, ಅಂಗೈ, ಹೊಟ್ಟೆಯಲ್ಲಿ ನೋಡಿ, ಅಲ್ಲಿ ಚೆನ್ನಾಗಿ ಕಾಣುತ್ತದೆ. ಎಷ್ಟು ಒತ್ತಿದರೂ ಚುಕ್ಕೆ ಹಾಗೇ ನಿಂತರೆ ಅದು ಚರ್ಮದೊಳಗೆ ಒಸರಿದ ರಕ್ತ. ಜೊತೆಗೆ ಜ್ವರವೂ ಇದ್ದರೆ ಬೆಳಗಿನ ಬಸ್ಸಿಗೆ ಕಾಯಬೇಡಿ, ಅರ್ಧರಾತ್ರಿಯಾದರೂ ಹೊರಡಿ. ಚುಕ್ಕೆ ಮಾಸಿದರೂ ಮಗು ಮಂಕಾಗಿ ಬಿದ್ದಿದ್ದರೆ, ತುಟಿ ಊದಿದ್ದರೆ, ಉಸಿರಾಟ ಕಷ್ಟವಾದರೆ ಆಗಲೂ ಅಷ್ಟೇ.

ಇನ್ನೊಂದು ಮಾತು. ಮಗುವಿನ ಬಟ್ಟೆಯನ್ನು ನುಗ್ಗೆಮರದ ಕೆಳಗೆ ಒಣಗಿಸಬೇಡಿ ಅಂತ ಎಷ್ಟು ಸಲ ಹೇಳಬೇಕು? ಕಂಬಳಿಹುಳದ ರೋಮ ಬಟ್ಟೆಗೆ ಅಂಟಿದರೆ ಕೂಸು ರಾತ್ರಿಯಿಡೀ ತುರಿಸಿಕೊಂಡು ಅಳುತ್ತದೆ. ಸೋಪು ಹೋಗುವ ತನಕ ಜಾಲಾಡಿಸುವುದಕ್ಕೂ ಸೋಮಾರಿತನ!

ಡಾಕ್ಟರ ಹತ್ತಿರ ಹೋಗುವಾಗ ಬೊಕ್ಕೆ ಯಾವತ್ತು, ಎಲ್ಲಿ ಮೊದಲು ಕಂಡಿತು ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಹೊಸದಾಗಿ ಏನಾದರೂ ಔಷಧ ಕೊಟ್ಟಿದ್ದರೆ ಆ ಬಾಟ್ಲಿಯನ್ನೂ ಚೀಲಕ್ಕೆ ಹಾಕಿ.