ಕುಂಡದ ಮಲ್ಲಿಗೆ ಹೂ ಬಿಡುತ್ತಿಲ್ಲವೇ? ಕತ್ತರಿ ಕೈಗೆತ್ತಿಕೊಳ್ಳಿ

ನರ್ಸರಿಯಿಂದ ತಂದಾಗ ಗಿಡದ ತುಂಬಾ ಮೊಗ್ಗು ಇರುತ್ತದೆ. ಮನೆಗೆ ಬಂದ ಮೇಲೆ ಒಂದು ಸಲ ಚೆನ್ನಾಗಿ ಹೂ ಬಿಡುತ್ತದೆ. ಆಮೇಲೆ ಬರೀ ಎಲೆ. ಟೀ ಪುಡಿ ಹಾಕಿದ್ದಾಯಿತು, ಮೊಟ್ಟೆ ಚಿಪ್ಪು ಹಾಕಿದ್ದಾಯಿತು, ಅಕ್ಕಿ ತೊಳೆದ ನೀರು ಹಾಕಿದ್ದಾಯಿತು. ಗಿಡ ಹಚ್ಚಗೆ ಉದ್ದಕ್ಕೆ ಬೆಳೆಯುತ್ತಲೇ ಇರುತ್ತದೆ, ಹೂವಿನ ಸುಳಿವೇ ಇಲ್ಲ. ಮನೆಯಲ್ಲಿ ಮಲ್ಲಿಗೆ ಬೆಳೆಸುವ ಬಹಳ ಜನರ ದೂರು ಇದು.

ಕಾರಣ ಸರಳ. ಮಲ್ಲಿಗೆ ಮೊಗ್ಗು ಮೂಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೇ ಕೊಂಬೆಯನ್ನು ಹಾಗೇ ಬಿಟ್ಟು ಎಷ್ಟು ಕಾದರೂ ಪ್ರಯೋಜನವಿಲ್ಲ. ಹೂ ಬೇಕೆಂದರೆ ಹೊಸ ಚಿಗುರು ಬೇಕು. ಹೊಸ ಚಿಗುರು ಬೇಕೆಂದರೆ ಹಳೆಯದನ್ನು ಕತ್ತರಿಸಬೇಕು. ಆ ಚಿಗುರಿನಲ್ಲಿ ಮೊಗ್ಗು ಕಟ್ಟಬೇಕೆಂದರೆ ಬಿಸಿಲು ಬೇಕು. ಗೊಬ್ಬರದ ಮಾತೆಲ್ಲ ಇವೆರಡರ ನಂತರ. ನಾವು ಮಾಡುವುದು ತಿರುಗಾಮುರುಗಾ. ಗೊಬ್ಬರ ಸುರಿಯುತ್ತೇವೆ, ಕತ್ತರಿ ಕಂಡರೆ ಹೆದರುತ್ತೇವೆ.

ಯಾವ ಗಿಡ ತರಬೇಕು?

ಕುಂಡಕ್ಕೆ ಒಗ್ಗುವುದು ದುಂಡು ಮಲ್ಲಿಗೆ. ಪೊದೆಯಾಗಿ ಬೆಳೆಯುತ್ತದೆ, ಆಗಾಗ ಕತ್ತರಿಸುತ್ತಿದ್ದರೆ ಎರಡು ಮೂರು ಅಡಿಯಲ್ಲೇ ನಿಲ್ಲುತ್ತದೆ. ಮೈಸೂರು ಮಲ್ಲಿಗೆ, ಉಡುಪಿ ಕಡೆಯ ಶಂಕರಪುರ ಮಲ್ಲಿಗೆ ಎರಡೂ ಇದೇ ಜಾತಿಯವು. ಸಸ್ಯಶಾಸ್ತ್ರದವರು ಇದನ್ನು ಜಾಸ್ಮಿನಂ ಸ್ಯಾಂಬಾಕ್ ಎನ್ನುತ್ತಾರೆ. ಮೈಸೂರು, ಉಡುಪಿ, ಹಡಗಲಿ ಈ ಮೂರು ಮಲ್ಲಿಗೆಗಳಿಗೂ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಆದರೆ ಆ ಹೆಸರು ಬಂದಿರುವುದು ಗಿಡದಿಂದ ಮಾತ್ರವಲ್ಲ, ಅಲ್ಲಿನ ಮಣ್ಣು, ಹವೆಯಿಂದಲೂ. ಶಂಕರಪುರದ ಸಸಿಯನ್ನು ಬೆಂಗಳೂರಿನ ಟೆರೇಸಿಗೆ ತಂದರೆ ಹೂ ಖಂಡಿತ ಬಿಡುತ್ತದೆ. ಅದೇ ಪರಿಮಳ, ಅದೇ ಬಾಳಿಕೆ ಬರಲಿ ಎಂದು ಮಾತ್ರ ಹಟ ಹಿಡಿಯಬೇಡಿ.

ಜಾಜಿ ಮತ್ತು ಸೂಜಿ ಮಲ್ಲಿಗೆಗೆ ಹಬ್ಬಲು ಜಾಗ ಬೇಕು. ಗೇಟಿನ ಕಮಾನು, ಗ್ರಿಲ್ ಇದ್ದವರು ಅವನ್ನು ತರಬಹುದು. ಕಾಕಡಕ್ಕೆ ಪರಿಮಳ ಕಡಿಮೆ. ಆದರೆ ದುಂಡು ಮಲ್ಲಿಗೆ ಸುಮ್ಮನಾಗುವ ಚಳಿಗಾಲದಲ್ಲೂ ಹೂ ಕೊಡುತ್ತದೆ, ದೇವರ ಪೂಜೆಗೆ ಆಸರೆ.

ಬೆಂಗಳೂರಿನವರಿಗೆ ಲಾಲ್‌ಬಾಗ್‌ನ ನರ್ಸರಿಗಾರರ ಸಹಕಾರ ಸಂಘವಿದೆ. ಬೇರೆ ಊರುಗಳಲ್ಲಿ ತೋಟಗಾರಿಕೆ ಇಲಾಖೆಯ ನರ್ಸರಿಯಲ್ಲಿ ಒಮ್ಮೆ ವಿಚಾರಿಸಿ. ಹೂ ಜಾಸ್ತಿ ಇರುವ ಗಿಡವನ್ನೇ ಆರಿಸಬೇಡಿ. ಬುಡದಿಂದಲೇ ನಾಲ್ಕೈದು ಕವಲು ಒಡೆದ ಗಿಡ ಆರಿಸಿ. ಎಲೆ ತಿರುಗಿಸಿ ನೋಡಿ. ಅಡಿಯಲ್ಲಿ ಬಿಳಿ ಹಿಟ್ಟಿನಂಥದ್ದು ಅಥವಾ ಸಣ್ಣ ಬಲೆ ಕಂಡರೆ ಬೇಡ.

ಮೊದಲು ಬಿಸಿಲು ಅಳೆಯಿರಿ

ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಬೆಳಕು ಬಂದರೆ ಸಾಲದು, ಎಲೆಯ ಮೇಲೆ ಬಿಸಿಲು ಬೀಳಬೇಕು. ಮೂರು ಗಂಟೆಯ ಎಳೆ ಬಿಸಿಲಿನಲ್ಲಿ ಗಿಡ ಬದುಕುತ್ತದೆ, ಹೂ ಕೊಡಲು ಜಿಪುಣತನ ಮಾಡುತ್ತದೆ.

ಫ್ಲ್ಯಾಟಿನಲ್ಲಿ ಇರುವವರು ಒಂದು ವಿಷಯ ಗಮನಿಸಬೇಕು. ದಕ್ಷಿಣದ ಬಾಲ್ಕನಿಗೆ ಡಿಸೆಂಬರ್‌ನಲ್ಲಿ ಭರ್ತಿ ಬಿಸಿಲು ಬರುತ್ತದೆ. ಅದನ್ನು ನಂಬಿ ಗಿಡ ಇಡುತ್ತೇವೆ. ಬೆಂಗಳೂರು, ಮಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಅಲ್ಲಿಂದ ಆಗಸ್ಟ್ ನಡುವಿನ ತನಕ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಮೇಲಿನ ಮನೆಯ ಬಾಲ್ಕನಿಯೇ ನೆರಳಾಗಿ ನಿಮ್ಮ ಗಿಡಕ್ಕೆ ಬಿಸಿಲು ತಪ್ಪುತ್ತದೆ. ಮಲ್ಲಿಗೆಯ ಸುಗ್ಗಿ ಇರುವುದೇ ಮಾರ್ಚ್‌ನಿಂದ ಜೂನ್ ತನಕ! ಹಾಗಾಗಿ ಬೇಸಿಗೆ ಶುರುವಾದ ಕೂಡಲೇ ಕುಂಡವನ್ನು ಟೆರೇಸಿಗೋ ಪೂರ್ವ, ಪಶ್ಚಿಮದ ಕಡೆಗೋ ಸಾಗಿಸಿ. ಉತ್ತರಕ್ಕೆ ಮಾತ್ರ ಬಾಲ್ಕನಿ ಇದ್ದರೆ ಮಲ್ಲಿಗೆಯ ಆಸೆ ಬಿಡುವುದು ಒಳ್ಳೆಯದು. ಅಲ್ಲಿ ದೊಡ್ಡಪತ್ರೆ, ಬ್ರಹ್ಮಕಮಲ ಚೆನ್ನಾಗಿ ಬರುತ್ತವೆ. ಆಗದ ಜಾಗದಲ್ಲಿ ಗಿಡ ಇಟ್ಟು ಅದನ್ನು ಸೊರಗಿಸುವುದು ಬೇಡ ಅಲ್ವಾ?

ಕುಂಡ, ಮಣ್ಣು, ನೆಡುವುದು

12ರಿಂದ 14 ಇಂಚು ಅಗಲ, ಅಷ್ಟೇ ಆಳದ ಕುಂಡ ಸಾಕು. ಮಣ್ಣಿನದಾದರೆ ಒಳ್ಳೆಯದು, ಬೇರು ತಂಪಾಗಿರುತ್ತದೆ. ಭಾರ ತಡೆಯದ ಟೆರೇಸಿಗೆ ಗ್ರೋ ಬ್ಯಾಗ್ ಆದೀತು. ಅಡಿಯಲ್ಲಿ ತೂತು ಇರಲೇಬೇಕು. ಕುಂಡವನ್ನು ಎರಡು ಇಟ್ಟಿಗೆಯ ಮೇಲೆ ಕೂರಿಸಿ. ನೀರು ಸರಾಗ ಹೋಗುತ್ತದೆ, ಕಾದ ಕಾಂಕ್ರೀಟಿನ ಬಿಸಿಯೂ ಬೇರಿಗೆ ತಟ್ಟುವುದಿಲ್ಲ.

ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು. ಇದಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಕಲಸಿ ಕುಂಡಕ್ಕೆ ತುಂಬಿ ಒಂದು ಚೊಂಬು ನೀರು ಹಾಕಿ ನೋಡಿ. ಒಂದೆರಡು ನಿಮಿಷದಲ್ಲಿ ಕೆಳಗಿನಿಂದ ಇಳಿಯಬೇಕು. ಮೇಲೆಯೇ ಕೆರೆಯಂತೆ ನಿಂತರೆ ಇನ್ನಷ್ಟು ಮರಳು ಸೇರಿಸಿ. ಹಸಿ ಸಗಣಿ ಮಾತ್ರ ಬೇಡ. ಬೇರು ಸುಡುತ್ತದೆ, ಗೊಬ್ಬರದ ಹುಳುವೂ ಬರುತ್ತದೆ.

ಜೂನ್, ಜುಲೈ ನೆಡಲು ಒಳ್ಳೆಯ ಕಾಲ. ಸಂಜೆ ನೆಡಿ. ನರ್ಸರಿ ಕವರಿನಲ್ಲಿ ಗಿಡ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ಕೂರಿಸಿ. ಒಂದು ವಾರ ಅರೆನೆರಳಿನಲ್ಲಿ ಇಟ್ಟು ಆಮೇಲೆ ಬಿಸಿಲಿಗೆ ತನ್ನಿ.

ನೀರಿಗೆ ಗಡಿಯಾರ ಬೇಡ, ಬೆರಳು ಸಾಕು. ಮಣ್ಣಿಗೆ ಒಂದು ಇಂಚು ಬೆರಳು ಇಳಿಸಿ. ಒಣಗಿದ್ದರೆ ಅಡಿಯಿಂದ ಇಳಿಯುವ ತನಕ ಹಾಕಿ, ಒದ್ದೆ ಇದ್ದರೆ ಬಿಡಿ. ಏಪ್ರಿಲ್‌ನಲ್ಲಿ ದಿನಾ ಬೇಕಾಗಬಹುದು, ಮಳೆಗಾಲದಲ್ಲಿ ವಾರಗಟ್ಟಲೆ ಬೇಡವಾಗಬಹುದು. ಕುಂಡದ ಕೆಳಗೆ ತಟ್ಟೆ ಇಟ್ಟಿದ್ದರೆ ನಿಂತ ನೀರನ್ನು ಚೆಲ್ಲಿಬಿಡಿ. ಬೇರು ಕೊಳೆಯುವುದು ಒಂದು ಕಡೆ, ಡೆಂಗಿ ಸೊಳ್ಳೆ ಮೊಟ್ಟೆ ಇಡುವುದೂ ಇಂಥ ತಿಳಿ ನೀರಿನಲ್ಲೇ.

ಕತ್ತರಿಸುವ ಕೆಲಸ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ವರ್ಷಕ್ಕೊಮ್ಮೆ ದೊಡ್ಡ ಕತ್ತರಿಕೆ. ಬಯಲುಸೀಮೆಯಲ್ಲಿ ಡಿಸೆಂಬರ್‌ನಿಂದ ಜನವರಿ ನಡುವಿನ ತನಕ ಇದಕ್ಕೆ ಸರಿಯಾದ ಕಾಲ. ಕತ್ತರಿಸುವ ಹತ್ತು ದಿನ ಮೊದಲಿನಿಂದ ನೀರು ಕಡಿಮೆ ಮಾಡಿ. ಎಲೆ ತುಸು ಬಾಡಿದಂತೆ ಕಂಡಾಗ ಮಾತ್ರ ಸ್ವಲ್ಪ ಕೊಡಿ. ಗಿಡ ಬೆಳೆಯುವುದನ್ನು ನಿಲ್ಲಿಸಿ ವಿಶ್ರಾಂತಿಗೆ ಇಳಿಯುತ್ತದೆ. ಆಮೇಲೆ ಕತ್ತರಿಸಿದರೆ ಒಟ್ಟಿಗೇ ಎಲ್ಲಾ ಕಡೆ ಚಿಗುರುತ್ತದೆ.

ಕತ್ತರಿ ಹರಿತವಾಗಿರಲಿ. ಅಲಗನ್ನು ಸ್ಪಿರಿಟ್‌ನಿಂದ ಒರೆಸಿಕೊಳ್ಳಿ. ಮೊದಲು ಒಣ ಕಡ್ಡಿ, ನಂತರ ಕಡ್ಡಿಯಂಥ ಸಣಕಲು ಕೊಂಬೆ, ಆಮೇಲೆ ಒಳಮುಖವಾಗಿ ಬೆಳೆದು ಒಂದಕ್ಕೊಂದು ಉಜ್ಜುವ ಕೊಂಬೆ ತೆಗೆಯಿರಿ. ಉಳಿದ ಗಟ್ಟಿ ಕೊಂಬೆಗಳನ್ನು ಮಣ್ಣಿನಿಂದ ಒಂದೂವರೆ ಅಡಿ ಎತ್ತರದಲ್ಲಿ ಕತ್ತರಿಸಿ. ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿ ಬೀಳಬೇಕು. ಹೊರಮುಖದ ಗೆಣ್ಣನ್ನು ನೋಡಿ ಕತ್ತರಿಸಿದರೆ ಗಿಡ ಬಟ್ಟಲಿನಂತೆ ತೆರೆದುಕೊಂಡು ಒಳಗೂ ಬಿಸಿಲು ಬೀಳುತ್ತದೆ. ಉಳಿದ ಎಲೆಗಳನ್ನೂ ಕೈಯಿಂದ ಕೀಳಿ. ಹೋದ ವರ್ಷವಷ್ಟೇ ನೆಟ್ಟ ಎಳೆ ಗಿಡವಾದರೆ ಇಷ್ಟು ಕಠಿಣ ಬೇಡ, ಮೂರನೇ ಒಂದು ಭಾಗ ತೆಗೆದರೆ ಸಾಕು.

ಈಗ ಗಿಡ ನೋಡಲು ನಾಲ್ಕು ಕಡ್ಡಿ ನೆಟ್ಟಂತೆ ಇರುತ್ತದೆ. ಮನೆಯಲ್ಲಿ ಯಾರಾದರೂ ಬೈಯಬಹುದು. ಧೈರ್ಯ ಕಳೆದುಕೊಳ್ಳಬೇಡಿ. ಮೇಲಿನ ಎರಡು ಇಂಚು ಮಣ್ಣು ಕೆರೆದು ತೆಗೆಯಿರಿ. ಆ ಜಾಗಕ್ಕೆ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಹಾಕಿ ನೀರು ಕೊಡಿ. ಎಲೆಯಿಲ್ಲದ ಗಿಡ ನೀರು ಕುಡಿಯುವುದು ಕಡಿಮೆ, ಹಾಗಾಗಿ ಚಿಗುರು ಬರುವ ತನಕ ಹದವಾಗಿ ಹಾಕಿ. ಎರಡು ಮೂರು ವಾರದಲ್ಲಿ ಗೆಣ್ಣುಗಳಲ್ಲಿ ಹಸಿರು ಚುಕ್ಕೆ ಮೂಡುತ್ತದೆ. ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಚಿಗುರಿನ ತುದಿಯಲ್ಲಿ ಮೊಗ್ಗಿನ ಗೊಂಚಲು ಕಾಣುತ್ತದೆ.

ಇನ್ನು ಸಣ್ಣ ಕತ್ತರಿಕೆ. ಇದನ್ನು ಮರೆಯುವವರೇ ಜಾಸ್ತಿ. ಒಂದು ಸುತ್ತು ಹೂ ಮುಗಿದ ಕೂಡಲೇ ಪ್ರತಿ ತುದಿಯನ್ನೂ ಎರಡು ಜೋಡಿ ಎಲೆ ಸಮೇತ ಕತ್ತರಿಸಿ. ಕತ್ತರಿಸಿದ ಕಡೆ ಎರಡು ಚಿಗುರು ಒಡೆಯುತ್ತವೆ. ಬಿಸಿಲು ಚೆನ್ನಾಗಿದ್ದರೆ ಒಂದು, ಒಂದೂವರೆ ತಿಂಗಳಿನಲ್ಲಿ ಆ ಎರಡರ ತುದಿಯಲ್ಲೂ ಮೊಗ್ಗು. ನಡುವೆ ಕೆಲವು ಸಲ ಒಂದೇ ಒಂದು ಚಿಗುರು ಬಳ್ಳಿಯಂತೆ ಸರ್ರನೆ ಉದ್ದ ಹೋಗುತ್ತದೆ. ಅದರಲ್ಲಿ ಹೂ ಇರುವುದಿಲ್ಲ, ಗಿಡದ ಶಕ್ತಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಕಂಡ ದಿನವೇ ಅರ್ಧಕ್ಕೆ ಕತ್ತರಿಸಿ.

ಗೊಬ್ಬರ ಏನು, ಎಷ್ಟು?

ಕರಾವಳಿಯ ಮಲ್ಲಿಗೆ ಬೆಳೆಗಾರರು ನೆಲಗಡಲೆ ಹಿಂಡಿಯನ್ನು ನಂಬಿದ್ದಾರೆ. ಮನೆಗೂ ಅದೇ ಒಳ್ಳೆಯದು. 100 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ನಾಲ್ಕು ದಿನ ನೆನೆಸಿ. ದಿನಕ್ಕೊಮ್ಮೆ ಕಲಕಿ. ನಾರುತ್ತದೆ, ಅದು ಸಹಜ. ಇದಕ್ಕೆ ಹತ್ತು ಪಟ್ಟು ನೀರು ಬೆರೆಸಿ ಕುಂಡಕ್ಕೊಂದು ಮಗ್ ಹಾಕಿ. ಚಿಗುರು ಬಂದ ಮೇಲೆ 15 ದಿನಕ್ಕೊಮ್ಮೆ ಹೀಗೆ ಕೊಟ್ಟರೆ ಸಾಕು. ಯೂರಿಯಾ ಹಾಕಬೇಡಿ. ಸಾರಜನಕ ಹೆಚ್ಚಾದರೆ ಎಲೆ ಕೊಬ್ಬುತ್ತದೆ, ಹೂ ಹಿಂದೆ ಬೀಳುತ್ತದೆ.

ಬಾಳೆಹಣ್ಣಿನ ಸಿಪ್ಪೆ, ಟೀ ಚರಟವನ್ನು ನೇರ ಕುಂಡಕ್ಕೆ ಹಾಕಿದರೆ ನೊಣ, ಇರುವೆಗೆ ಹಬ್ಬ. ಕಾಂಪೋಸ್ಟ್ ಡಬ್ಬಕ್ಕೆ ಹಾಕಿ, ಕಳಿತ ಮೇಲೆ ಬಳಸಿ. ಮೊಟ್ಟೆ ಚಿಪ್ಪಿನಿಂದ ಮಲ್ಲಿಗೆಗೆ ದೊಡ್ಡ ಲಾಭವಿಲ್ಲ. ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಸುಣ್ಣದ ಅಂಶ ಮೊದಲೇ ಜಾಸ್ತಿ ಇರುತ್ತದೆ.

ಗಡಸು ನೀರಿನ ತೊಂದರೆ ಎಲೆಯಲ್ಲಿ ಕಾಣುತ್ತದೆ. ಎಳೆ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣದ ದೆಸೆಯಿಂದ ಬೇರಿಗೆ ದಕ್ಕುವುದಿಲ್ಲ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಅರ್ಧ ನಿಂಬೆಹಣ್ಣಿನ ರಸ ಬೆರೆಸಿ ಸಂಜೆ ಎಲೆಗಳ ಮೇಲೆ ಸಿಂಪಡಿಸಿ. ಹತ್ತು ಹದಿನೈದು ದಿನ ಬಿಟ್ಟು ಇನ್ನೊಂದೆರಡು ಸಲ ಮಾಡಿ. ಗೋಡೆ, ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಹುಷಾರು. ಮಳೆ ನೀರು ಹಿಡಿದಿಟ್ಟು ಹಾಕಿದರೆ ಇನ್ನೂ ಒಳ್ಳೆಯದು. ಕೆಳಗಿನ ಹಳೇ ಎಲೆ ಮಾತ್ರ ಹಳದಿಯಾಗುತ್ತಿದ್ದರೆ ನೀರು ಜಾಸ್ತಿಯಾಗಿದೆಯಾ ಎಂದು ಮೊದಲು ನೋಡಿ. ಚಳಿಗಾಲದಲ್ಲಿ ನಾಲ್ಕು ಎಲೆ ಉದುರುವುದು ಸಹಜ.

ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿದರೆ

ಬಿಳಿ ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ, ಅರಳದೆ ಒಣಗಿ ಬಿದ್ದರೆ ಒಳಗೆ ಹುಳು ಇದೆ ಎಂದೇ ಅರ್ಥ. ಮೊಗ್ಗಿನಲ್ಲಿ ತೂತು ಇದ್ದರೆ, ಪಕ್ಕದ ಮೊಗ್ಗುಗಳು ನೂಲಿನಿಂದ ಅಂಟಿಕೊಂಡಿದ್ದರೆ ಅದು ಮೊಗ್ಗು ಕೊರಕ. ಮೊಗ್ಗಿನ ಬುಡ ಉಬ್ಬಿದ್ದರೆ ಅದು ಸೊಳ್ಳೆಯಂಥ ಸಣ್ಣ ನೊಣದ ಮರಿಗಳ ಕೆಲಸ. ಎರಡಕ್ಕೂ ಮೊದಲ ಮದ್ದು ಒಂದೇ. ಕೆಟ್ಟ ಮೊಗ್ಗುಗಳನ್ನು ದಿನಾ ಕಿತ್ತು, ಕೆಳಗೆ ಬಿದ್ದದ್ದನ್ನೂ ಆರಿಸಿ, ಕವರಿನಲ್ಲಿ ಕಟ್ಟಿ ಬಿಸಾಡಿ. ಕುಂಡದ ಮೇಲ್ಮಣ್ಣು ಆಗಾಗ ಕೆದಕಿ, ಹುಳು ಕೋಶ ಕಟ್ಟುವುದು ಅಲ್ಲೇ. ಆಮೇಲೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರಾವಣ ಬೆರೆಸಿ ವಾರಕ್ಕೊಮ್ಮೆ ಸಂಜೆ ಹೊಡೆಯಿರಿ. ಮುಡಿಯುವ ಮೊಗ್ಗನ್ನು ಬಿಡಿಸಿಕೊಂಡ ಮೇಲೆ ಹೊಡೆದರೆ ಹೂವಿಗೆ ಎಣ್ಣೆ ವಾಸನೆ ಹತ್ತುವುದಿಲ್ಲ.

ಬೇಸಿಗೆಯಲ್ಲಿ ಎಲೆ ಮೇಲೆ ಸಣ್ಣ ಹಳದಿ ಚುಕ್ಕೆ, ಅಡಿಯಲ್ಲಿ ನವಿರಾದ ಬಲೆ ಕಂಡರೆ ಅದು ನುಸಿ. ಪೈಪಿನ ನೀರನ್ನು ಎಲೆಯ ಅಡಿಭಾಗಕ್ಕೆ ಜೋರಾಗಿ ಬಿಡಿ. ಕೆಲವು ದಿನ ಬಿಡದೆ ಮಾಡಿದರೆ ಬಹುಪಾಲು ತೊಳೆದುಹೋಗುತ್ತದೆ.

ಮೊಗ್ಗು ಬಿಡಿಸುವ ಹೊತ್ತು

ತುಂಬಿಕೊಂಡು ಬೆಳ್ಳಗಾಗಿ, ಇನ್ನೂ ಬಾಯಿ ಬಿಡದ ಮೊಗ್ಗನ್ನು ಬೆಳಿಗ್ಗೆ ಬಿಸಿಲೇರುವ ಮೊದಲು ಬಿಡಿಸಿ. ಸಂಜೆಗೆ ಅದು ಅರಳುತ್ತದೆ. ಹಸಿರು ಛಾಯೆ ಇದ್ದದ್ದು ನಾಳೆಗಿರಲಿ. ಉಡುಪಿ ಕಡೆ 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ. ಬಾಳೆ ನಾರಿನಲ್ಲಿ ಕಟ್ಟುತ್ತಾರೆ. ಅಷ್ಟನ್ನು ಕುಂಡದಿಂದ ಕೇಳಲಾಗದು. ಮನೆಮಂದಿ ಮುಡಿಯುವಷ್ಟು ಬೇಕೆಂದರೆ ನಾಲ್ಕೈದು ಕುಂಡ ಇಡಿ.

ಅದಕ್ಕೆ ಹೊಸ ಗಿಡ ಕೊಳ್ಳಬೇಕಿಲ್ಲ. ಜೂನ್, ಜುಲೈನಲ್ಲಿ ಹೂ ಮುಗಿದ ಮೇಲೆ ಕತ್ತರಿಸುವಾಗ ಪೆನ್ಸಿಲ್‌ಗಿಂತ ತುಸು ಸಣ್ಣ, ಅರೆಬಲಿತ ಕಡ್ಡಿಗಳನ್ನು ಎತ್ತಿಡಿ. ಆರೇಳು ಇಂಚು ಉದ್ದ, ಮೂರು ನಾಲ್ಕು ಗೆಣ್ಣು ಇರಲಿ. ಕೆಳಗಿನ ಗೆಣ್ಣಿನ ಸರೀ ಅಡಿಗೆ ಕತ್ತರಿಸಿ. ಮೇಲಿನ ಒಂದು ಜೋಡಿ ಎಲೆ ಬಿಟ್ಟು ಉಳಿದದ್ದು ತೆಗೆಯಿರಿ. ಎರಡು ಗೆಣ್ಣು ಮುಳುಗುವಂತೆ ಮರಳು ಮತ್ತು ತೆಂಗಿನ ನಾರಿನ ಪುಡಿಯಲ್ಲಿ ಚುಚ್ಚಿ, ಮೇಲೆ ಪ್ಲಾಸ್ಟಿಕ್ ಕವರು ಮುಚ್ಚಿ ನೆರಳಿನಲ್ಲಿಡಿ. ಬೇರು ಬಂತಾ ಎಂದು ಕಿತ್ತು ನೋಡಬೇಡಿ. ಐದಾರು ವಾರದ ನಂತರ ಮೆಲ್ಲಗೆ ಎಳೆದಾಗ ಬಿಗಿಯಾಗಿ ಹಿಡಿದುಕೊಂಡಿದ್ದರೆ ಬೇರು ಬಂದಿದೆ. ಆಗ ಸಣ್ಣ ಕುಂಡಕ್ಕೆ ಬದಲಾಯಿಸಿ. ಕೆಲವು ಸಸಿ ಗೇಣುದ್ದ ಇರುವಾಗಲೇ ಮೊಗ್ಗು ಬಿಡುತ್ತವೆ. ಮನಸ್ಸು ಗಟ್ಟಿ ಮಾಡಿ ಆ ಮೊದಲ ಮೊಗ್ಗನ್ನು ತುದಿ ಸಮೇತ ಚಿವುಟಿ ಹಾಕಿ. ಗಿಡ ಮೊದಲು ಕವಲೊಡೆಯಲಿ.