ಕೋಣೆಯೊಳಗೆ ಒಂದು ಘಾಟ್

ಪುಣೆಯ ಭೋಸರಿಯಲ್ಲಿ ಲಾರಿ ಚಾಲಕರಿಗೆ ಸಿಮ್ಯುಲೇಟರ್ ಮೇಲೆ, ಅಂದರೆ ಕೋಣೆಯಲ್ಲೇ ಕೂತು ಪರದೆ ನೋಡಿ ಗಾಡಿ ಓಡಿಸುವ ಯಂತ್ರದ ಮೇಲೆ, ತರಬೇತಿ ಕೊಡುವುದು ನನ್ನ ಕೆಲಸ. ಬರುವವರಲ್ಲಿ ಜತ್, ಇಂಡಿ, ಸಿಂದಗಿ ಕಡೆಯವರು ಜಾಸ್ತಿ. ಹಾಗಾಗಿ ಪಾಠ ಅರ್ಧ ಮರಾಠಿ, ಅರ್ಧ ನಮ್ಮ ಕನ್ನಡ.

ಶುರುವಿನಲ್ಲಿ ಎಲ್ಲರನ್ನೂ ಕೂರಿಸಿ ಸೀದಾ ಊರೊಳಗಿನ ತಿರುವುಗಳಿಗೆ ಬಿಡುತ್ತಿದ್ದೆ. ಅದು ನನ್ನದೇ ತಪ್ಪು. ಸ್ವಲ್ಪ ಹೊತ್ತಿಗೇ ತಲೆಸುತ್ತು, ಒಬ್ಬರಿಗೆ ವಾಂತಿ. ಕಣ್ಣು ಗಾಡಿ ಓಡುತ್ತಿದೆ ಅನ್ನುತ್ತದೆ, ಒಳಕಿವಿ ಕೂತಲ್ಲೇ ಇದ್ದೇವೆ ಅನ್ನುತ್ತದೆ. ಇಬ್ಬರ ಜಗಳಕ್ಕೆ ಹೊಟ್ಟೆ ತೊಳಸುತ್ತದೆ. ಈಗ ಮೊದಲ ದಿನ ನೇರ ಹೆದ್ದಾರಿ ಮಾತ್ರ, ಹತ್ತೇ ನಿಮಿಷ, ಪಕ್ಕದಲ್ಲೊಂದು ಫ್ಯಾನ್.

ಗಾಡಿ ಓಡಿಸುವುದನ್ನು ಅವರಿಗೆ ನಾನೇನು ಕಲಿಸಲಿ? ರಸ್ತೆಯಲ್ಲಿ ಒಮ್ಮೆ ಮಾಡಿದರೆ ಮುಗಿದೇ ಹೋಗುವ ತಪ್ಪನ್ನು ಇಲ್ಲಿ ಮಾಡಿಸುತ್ತೇನೆ, ಅಷ್ಟೇ. ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆವರೆಗಿನ, ಅಪಘಾತಗಳಿಗೆ ಹೆಸರಾದ ಇಳಿಜಾರು ಪುಣೆಯವರಿಗೆಲ್ಲ ಗೊತ್ತಲ್ವಾ? ನಮ್ಮ ಯಂತ್ರದಲ್ಲಿ ಆ ರಸ್ತೆ ಇಲ್ಲ, ಯಾವುದೋ ಒಂದು ಘಾಟ್ ಇದೆ. ಪೂರ್ತಿ ಲೋಡ್ ಹಾಕಿ, "ಇದನ್ನೇ ಕಾತ್ರಜ್ ಅಂದ್ಕೊಳ್ರಿ" ಅನ್ನುತ್ತೇನೆ.

ಜತ್‌ನ ಕಾಕಾ ಒಬ್ಬರು ಬಂದಿದ್ದರು. 22 ವರ್ಷದ ಅನುಭವ. "ಇದು ಹುಡುಗರ ಆಟ ಐತ್ರಿ ಸರ" ಅಂತ ನಗುತ್ತಲೇ ಕೂತರು. ಇಳಿಜಾರು ಬಂತು, ಕೈ ತಾನಾಗಿ ಗೇರನ್ನು ನ್ಯೂಟ್ರಲ್‌ಗೆ ತಂದಿತು. "ಡೀಸೆಲ್ ಉಳೀತೈತಿ." ನಾನು ಸುಮ್ನೆ ಇದ್ದೆ. ವೇಗ ಏರಿತು. ಬ್ರೇಕ್ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ನ್ಯೂಟ್ರಲ್‌ನಲ್ಲಿ ಇಂಜಿನ್ ಗಾಡಿಯನ್ನು ಹಿಡಿಯುವುದಿಲ್ಲ, ಹೊಗೆಯ ದಾರಿ ಮುಚ್ಚಿ ಇಂಜಿನ್‌ನಿಂದಲೇ ಗಾಡಿಯ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕೂ ಕೆಲಸಕ್ಕೆ ಬರುವುದಿಲ್ಲ. ಭಾರವೆಲ್ಲ ಲೈನರ್ ಮೇಲೆ, ಅಂದರೆ ಚಕ್ರದ ಬ್ರೇಕಿನಲ್ಲಿ ಉಜ್ಜುವ ಪಟ್ಟಿಯ ಮೇಲೆ. ಲಾರಿಯ ಬ್ರೇಕ್ ಹಿಡಿಯುವುದು ಗಾಳಿಯ ಒತ್ತಡದಿಂದ; ಇಂಜಿನ್ ಮೆಲ್ಲಗೆ ತಿರುಗುವಾಗ ಕಂಪ್ರೆಸರ್ ಆ ಗಾಳಿ ತುಂಬುವುದೂ ನಿಧಾನ. ಎಂಟರ ಹತ್ತಿರವಿದ್ದ ಪ್ರೆಶರ್ ಮುಳ್ಳು ಐದಕ್ಕೆ ಇಳಿದು ಬಝರ್ ಹೊಡೆಯಿತು. ಎದುರಿಗೆ ಸಾಲಾಗಿ ನಿಂತ ಕಾರುಗಳು. ಕಾಕಾ ಸೀಟಿನಿಂದ ಅರ್ಧ ಎದ್ದು ಪೆಡಲ್ ಮೇಲೆ ನಿಂತಿದ್ದರು.

ಪರದೆ ಕಪ್ಪಾಯಿತು. ಬೈಯಲಿಲ್ಲ. ರೆಕಾರ್ಡಿಂಗ್ ಹಾಕಿ, "ಎಲ್ಲಿ ಕೈ ತಪ್ಪಿತು, ನೀವೇ ಹೇಳ್ರಿ ಕಾಕಾ" ಅಂದೆ. ಎರಡು ಸಲ ನೋಡಿದರು. ಆಮೇಲೆ ಇಳಿಜಾರಿಗೆ ಮುಂಚೆಯೇ ಮೂರನೇ ಗೇರ್, ಎಕ್ಸಾಸ್ಟ್ ಬ್ರೇಕ್ ಆನ್. ಕೆಳಗೆ ಬರುವಷ್ಟರಲ್ಲಿ ಬ್ರೇಕ್ ಮುಟ್ಟಿದ್ದು ನಾಲ್ಕೇ ಸಲ.

ಸಿಮ್ಯುಲೇಟರ್‌ನಲ್ಲಿ ಬ್ರೇಕ್ ಸುಟ್ಟ ವಾಸನೆ ಬರುವುದಿಲ್ಲ. ಅದಕ್ಕೇ ಗ್ಯಾರೇಜಿನಿಂದ ತಂದ ಸುಟ್ಟ ಲೈನರ್ ತುಂಡೊಂದನ್ನು ಮೇಜಿನ ಮೇಲಿಟ್ಟಿದ್ದೇನೆ. ಕಾಕಾ ಎತ್ತಿಕೊಂಡು ಮೂಸಿದರು.

"ಇದು ಗೊತ್ತೈತ್ರಿ ನನಗ," ಅಂದು ಮೆಲ್ಲಗೆ ಕೆಳಗಿಟ್ಟರು.