ನಾಲ್ಕನೇ ಪಿಸ್ಟನ್

ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕ್ ಮೂರನೇ ಸಲ ಜಾಮ್ ಆಗಿದ್ದು ಕಣದಿಂದ ಮೇಲಿನ ತೋಟಕ್ಕೆ ಹೋಗುವ ಏರಿನಲ್ಲಿ. ಹಿಂದೆ ಗೊಬ್ಬರದ ಮೂಟೆ, ಫಸ್ಟ್ ಗೇರು, ಮಾರ್ಚ್ ತಿಂಗಳ ಬಿಸಿಲು. ಎಂಜಿನ್ನಿನ ಸದ್ದು ಬಿಗಿಯಾಯಿತು, ಹಿಂದಿನ ಚಕ್ರ ಕಚ್ಚಿಕೊಂಡಿತು, ಅಲ್ಲಿಗೆ ಮುಗಿಯಿತು. ಹಿಂದೆ ಎರಡು ಸಲವೂ ಹೀಗೇ ಆಗಿ, ಎರಡು ಸಲವೂ ಒಂದೇ ಮಾತು ಕೇಳಿದ್ದೆವು: “ಪಿಸ್ಟನ್ ಹೋಗಿದೆ ಸಾರ್, ಬೋರ್ ಮಾಡ್ಸಿ ಹೊಸದು ಹಾಕೋಣ.” ಸಿಲಿಂಡರಿನ ಒಳಗೋಡೆ ಕೊರೆಸಿ ಅಗಲ ಮಾಡಿಸಿ, ಹೊಸದು ಹಾಕಿದೆವು. ಪಿಸ್ಟನ್ ಯಾಕೆ ಹೋಯಿತು ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಈ ಸಲ ಅದೊಂದು ಗೊತ್ತಾಗದೆ ಹೊಸ ಪಿಸ್ಟನ್ ಕೊಳ್ಳುವುದಿಲ್ಲ ಅಂತ ತೀರ್ಮಾನಿಸಿ ಗಾಡಿಯನ್ನು ಕಾಫಿ ಗೋದಾಮಿಗೆ ತಳ್ಳಿಕೊಂಡು ಬಂದೆ.

ಮೂಡಿಗೆರೆ ಕಡೆಯ ತೋಟಗಳಲ್ಲಿ ಯೆಜ್ಡಿ ಅಂದರೆ ಬರೀ ಬೈಕಲ್ಲ. ಜೀಪು ಹೋಗದ ಕಾಲುದಾರಿಯಲ್ಲೂ ಹೋಗುತ್ತಿದ್ದ ಗಾಡಿ ಅದು. 248.5 ಸಿಸಿ, ಒಂದೇ ಸಿಲಿಂಡರು, 65 ಮಿ.ಮೀ. ಬೋರು (ಸಿಲಿಂಡರಿನ ಒಳ ಅಗಲ), 75 ಮಿ.ಮೀ. ಸ್ಟ್ರೋಕು (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ). ಬೋರಿಗಿಂತ ಸ್ಟ್ರೋಕ್ ಉದ್ದವಾದ್ದರಿಂದ ಕಡಿಮೆ ವೇಗದಲ್ಲೂ ಎಳೆಯುತ್ತದೆ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು, ಆದರೂ ನಮ್ಮ ಸೀಮೆಯಲ್ಲಿ ಇನ್ನೂ ಇವು ಓಡಾಡುತ್ತಿವೆ.

ಜಾಮ್ ಆದ ಪಿಸ್ಟನ್ನನ್ನು ಹೊಡೆದು ಬಿಡಿಸಬಾರದು. ಪ್ಲಗ್ ಬಿಚ್ಚಿ, ಸೀಮೆಎಣ್ಣೆಗೆ ಗೇರ್ ಎಣ್ಣೆ ಬೆರೆಸಿ ಒಳಗೆ ಸುರಿದು ಮೂರು ದಿನ ಬಿಟ್ಟೆ. ನಾಲ್ಕನೇ ದಿನ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸಿದಾಗ ಬಿಟ್ಟುಕೊಂಡಿತು. ಆಗಲೇ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಬಿಚ್ಚುವ ಆಸೆ ಆಗಿತ್ತು, ಆದರೆ ಬಿಚ್ಚಲಿಲ್ಲ. ಇಡೀ ಕೆಲಸದಲ್ಲಿ ನಾನು ತೆಗೆದುಕೊಂಡ ಒಳ್ಳೆಯ ತೀರ್ಮಾನ ಅದು. ಬಿಚ್ಚಿಬಿಟ್ಟರೆ ಸಾಕ್ಷಿಯೇ ಹೋಗುತ್ತಿತ್ತು.

ಈ ಟೂ ಸ್ಟ್ರೋಕ್ ಎಂಜಿನ್ನಿಗೆ ವಾಲ್ವ್ ಇಲ್ಲ. ಪಿಸ್ಟನ್ ಮೇಲೆ ಹೋಗುವಾಗ ಕೆಳಗಿನ ಚೇಂಬರು, ಅಂದರೆ ಕ್ರ್ಯಾಂಕ್‌ಕೇಸು, ಕಾರ್ಬೊರೇಟರಿನಿಂದ ಪೆಟ್ರೋಲು, ಎಣ್ಣೆ, ಗಾಳಿ ಮೂರನ್ನೂ ಎಳೆದುಕೊಳ್ಳುತ್ತದೆ. ಪಿಸ್ಟನ್ ಇಳಿಯುವಾಗ ಅದನ್ನೇ ಒತ್ತಿ ಮೇಲಕ್ಕೆ ಕಳಿಸುತ್ತದೆ. ಹಾಗಾಗಿ ಆ ಚೇಂಬರು ಪಂಪಿನ ಹಾಗೆ ಬಿಗಿಯಾಗಿರಬೇಕು. ಎಲ್ಲಾದರೂ ಸೋರಿದರೆ ಕಾರ್ಬೊರೇಟರನ್ನು ದಾಟದ ಗಾಳಿ ಒಳಗೆ ಸೇರುತ್ತದೆ. ಆ ಗಾಳಿಯಲ್ಲಿ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ. ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ, ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗಿ ಬ್ಲಾಕಿಗೆ, ಅಂದರೆ ಸಿಲಿಂಡರಿನ ಗೋಡೆಗೆ, ಕಚ್ಚುತ್ತದೆ.

ಸೋರಿಕೆ ಹಿಡಿಯಲು ನಾನು ಬಳಸಿದ್ದು ರಕ್ತದೊತ್ತಡ ನೋಡುವ ಹಳೆಯ ಯಂತ್ರ. ಅಜ್ಜಿಗೆಂದು ತಂದದ್ದು ಮನೆಯಲ್ಲಿತ್ತು. ಅದರ ಗಡಿಯಾರದಂಥ ಮಾಪಕದಲ್ಲಿ 300 ಮಿ.ಮೀ. ಪಾದರಸದವರೆಗೆ ಗುರುತಿದೆ, ಅಂದರೆ ಸುಮಾರು 6 ಪಿಎಸ್‌ಐ. ಚೇಂಬರ್ ಪರೀಕ್ಷೆಗೆ ಅಷ್ಟೇ ಬೇಕು, ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಹಚ್ಚಿದರೆ ಚೆನ್ನಾಗಿರುವ ಸೀಲೂ ಹಾಳಾಗುತ್ತದೆ. ಹಳೆಯ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಆ ಜಾಗಕ್ಕೆ ಹಿತ್ತಾಳೆ ಕೊಳವೆ ಬೆಸುಗೆ ಹಾಕಿಸಿ, ಅದನ್ನು ಪ್ಲಗ್ಗಿನ ಜಾಗಕ್ಕೆ ಬಿಗಿದು ಯಂತ್ರದ ಟ್ಯೂಬು ಸಿಕ್ಕಿಸಿದೆ. ಎರಡು ಎಕ್ಸಾಸ್ಟ್ ಬಾಯಿಗೂ ಕಾರ್ಬೊರೇಟರ್ ಕೂರುವ ಬಾಯಿಗೂ ಲಾರಿ ಟ್ಯೂಬಿನ ರಬ್ಬರಿಟ್ಟು ಬಿಗಿದೆ. ಪಿಸ್ಟನ್ನನ್ನು ಪೂರ್ತಿ ಕೆಳಗಿಳಿಸಿಟ್ಟೆ, ಹಾಗಿದ್ದರೆ ಮೇಲಿನ ಸಿಲಿಂಡರೂ ಕೆಳಗಿನ ಚೇಂಬರೂ ಒಂದೇ ಕೋಣೆಯಾಗುತ್ತವೆ. ಆಮೇಲೆ ರಬ್ಬರ್ ಬುರುಡೆ ಒತ್ತುತ್ತಾ ಹೋದೆ.

ಮುಳ್ಳು ನೂರೂ ದಾಟಲಿಲ್ಲ. ಕೈ ಬಿಟ್ಟ ಕೂಡಲೇ ಸೊನ್ನೆಗೆ ಇಳಿಯಿತು.

ಬಲಗಡೆ ಡೈನಮೋ ಬಿಚ್ಚಿ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ಶಾಫ್ಟಿನ) ತುದಿಗೆ ಸೋಪಿನ ನೀರು ಹಚ್ಚಿದಾಗ ಅದರ ಸುತ್ತಲಿನ ರಬ್ಬರ್ ಸೀಲಿನ ಅಂಚಿನಿಂದ ದೊಡ್ಡ ದೊಡ್ಡ ಗುಳ್ಳೆ ಬಂದವು. ಎಡಗಡೆ ಕ್ಲಚ್ ಇರುವ ಬದಿ. ಅಲ್ಲಿ ಕವರ್ ತೆಗೆಯುವ ಮೊದಲೇ ಉತ್ತರ ಸಿಕ್ಕಿತು: ಗೇರ್ ಎಣ್ಣೆ ಹಾಕುವ ಬಾಯಿಗೆ ಕಿವಿ ಇಟ್ಟರೆ ಒಳಗೆ ಬುಳುಬುಳು ಸದ್ದು. ಎರಡೂ ಕಡೆಯ ಸೀಲ್ ಹೋಗಿತ್ತು.

ಅಪ್ಪನನ್ನು ಕೂರಿಸಿಕೊಂಡು ಹಿಂದಿನದ್ದನ್ನೆಲ್ಲ ಕೇಳಿದೆ. ಗಾಡಿ ವರ್ಷಗಳಿಂದ ಬಿಳಿ ಹೊಗೆ ಬಿಡುತ್ತಿತ್ತು. ಗೇರ್ ಎಣ್ಣೆ ಎಷ್ಟು ಹಾಕಿದರೂ ಕಡಿಮೆಯಾಗುತ್ತಿತ್ತು, ನೆಲದ ಮೇಲೆ ಮಾತ್ರ ಒಂದು ತೊಟ್ಟೂ ಇರುತ್ತಿರಲಿಲ್ಲ. “ಹೊಗೆ ಜಾಸ್ತಿ ಅಂತ ಪೆಟ್ರೋಲಿಗೆ ಟೂಟಿ ಎಣ್ಣೆ ಅರ್ಧ ಮಾಡು ಅಂದ್ರು ಕಣೋ, ಮಾಡಿದೆ” ಅಂದರು ಅಪ್ಪ. ಟೂಟಿ ಅಂದರೆ ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ 2T ಎಣ್ಣೆ. ಅಲ್ಲಿಗೆ ಲೆಕ್ಕ ಕೂಡಿತು. ಎಡಗಡೆಯ ಸೀಲಿನಿಂದ ಗೇರ್ ಎಣ್ಣೆ ಚೇಂಬರಿಗೆ ಹೋಗಿ ಉರಿಯುತ್ತಿತ್ತು, ಹೊಗೆ ಅದರದ್ದು. ಆ ಹೊಗೆ ನೋಡಿ ಪಿಸ್ಟನ್ನಿಗೆ ಬೇಕಾದ ಎಣ್ಣೆಯನ್ನು ಕಡಿಮೆ ಮಾಡಿದರು. ಬಲಗಡೆಯ ಸೀಲಿನಿಂದ ಗಾಳಿ ನುಗ್ಗಿ ಮಿಶ್ರಣ ತೆಳುವಾಗಿತ್ತು. ಅದರ ಮೇಲೆ ಗಾಳಿ ತಾಗದ ಏರುದಾರಿ, ಹಿಂದೆ ಮೂಟೆ. ಮೂರು ಪಿಸ್ಟನ್ನುಗಳನ್ನು ತಿಂದದ್ದು ಬೆರಳಗಲದ ಎರಡು ರಬ್ಬರ್ ಬಳೆಗಳು. ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಅವರು ಆ ಗಾಡಿಯನ್ನು ಎಷ್ಟು ಜೋಪಾನ ಮಾಡುತ್ತಿದ್ದರು ಅಂತ ನನಗೆ ಗೊತ್ತು.

ಬಿಚ್ಚುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಲಚ್ಚಿಗೂ ಕ್ರ್ಯಾಂಕಿನ ಸ್ಪ್ರಾಕೆಟ್ಟಿಗೂ ಅವನ್ನು ಎಳೆದು ಕಳಚುವ ಸರಿಯಾದ ಪುಲ್ಲರ್ ಬೇಕೇ ಬೇಕು, ಇಲ್ಲದಿದ್ದರೆ ಆ ದಿನ ಕೆಲಸ ನಿಲ್ಲಿಸುವುದೇ ಮೇಲು. ಚೇಂಬರಿನ ಎರಡು ಹೋಳು ಬೇರ್ಪಡಿಸುವಾಗ ನಡುವಿನ ಗೆರೆಗೆ ಸ್ಕ್ರೂಡ್ರೈವರ್ ತೂರಿಸಬಾರದು. ಹಿಂದೆ ಯಾರೋ ತೂರಿಸಿದ್ದರು, ಗಾಯ ಹಾಗೇ ಇತ್ತು. ದಪ್ಪ ಗಾಜಿನ ಮೇಲೆ ನಯವಾದ ಎಮರಿ ಹಾಳೆ ಹಾಸಿ, ಎಣ್ಣೆ ಹಾಕಿ, ಎದ್ದಿದ್ದ ಅಂಚನ್ನಷ್ಟೇ ಉಜ್ಜಿ ಇಳಿಸಿದೆ.

ಪಿಸ್ಟನ್ನಿಗೂ ಕ್ರ್ಯಾಂಕಿಗೂ ಕೊಂಡಿಯಾದ ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದಾಗ ಟಕ್ ಟಕ್ ಅಂದಿತು. ಪಕ್ಕಕ್ಕೆ ಸ್ವಲ್ಪ ಆಡಿದರೆ ಅದು ಇರಬೇಕಾದದ್ದೇ, ಮೇಲೆ ಕೆಳಗೆ ಮಾತ್ರ ಒಂದಿಷ್ಟೂ ಆಡಬಾರದು. ಈ ಕ್ರ್ಯಾಂಕು ತುಂಡುಗಳನ್ನು ಒತ್ತಿ ಕೂಡಿಸಿದ್ದು, ಮನೆಯಲ್ಲಿ ಆಗುವ ಕೆಲಸವಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ರಾಡ್ ಕಿಟ್ ತಂದು, ಹಾಸನದ ಒಬ್ಬ ಲೇತ್ ಮೇಸ್ತ್ರಿಗೆ ಕೊಟ್ಟೆ. ಪ್ರೆಸ್ಸಿನಲ್ಲಿ ಕೂಡಿಸಿದ ಮೇಲೆ ಅವರು ಕ್ರ್ಯಾಂಕನ್ನು ಎರಡು ಸೆಂಟರುಗಳ ನಡುವೆ ಹಿಡಿದು, ಡಯಲ್ ಗೇಜ್ ಇಟ್ಟು, ತಾಮ್ರದ ಸುತ್ತಿಗೆಯಲ್ಲಿ ಒಂದೊಂದೇ ಪೆಟ್ಟು ಕೊಡುತ್ತಾ ಓಲಾಟ ತೆಗೆದರು. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಮುಳ್ಳು 0.03 ಮಿ.ಮೀ. ಒಳಗೆ ನಿಂತಿತು. ಕ್ರ್ಯಾಂಕ್ ಓಲಾಡಿದರೆ ಹೊಸ ಸೀಲೂ ಬೇಗ ಸವೆಯುತ್ತದೆ, ಆದ್ದರಿಂದ ಆ ಮುಕ್ಕಾಲು ಗಂಟೆಯ ಕೂಲಿ ಕೊಡುವಾಗ ನಾನು ಚೌಕಾಸಿ ಮಾಡಲಿಲ್ಲ.

ಬ್ಲಾಕ್ ತೋರಿಸಿದಾಗ ಅವರು ಮೊದಲು ಕೇಳಿದ್ದು, “ಪಿಸ್ಟನ್ ಎಲ್ಲಿ? ಪಿಸ್ಟನ್ ಕೈಗೆ ಬರದೆ ನಾನು ಬೋರ್ ಮಾಡಲ್ಲ.” ಡಬ್ಬದ ಮೇಲೆ ಬರೆದ ಅಳತೆ ನಂಬಿ ಬೋರ್ ಮಾಡುವವರ ಹತ್ತಿರ ಹೋಗಲೇಬಾರದು. ಬ್ಲಾಕಿನ ಬೋರು ಆಗಲೇ 65.50 ಮಿ.ಮೀ.ಗೆ ಬಂದಿತ್ತು, ಗೀರು ಆಳವಾಗಿದ್ದರಿಂದ 66ಕ್ಕೆ ಹೋಗಬೇಕಾಯಿತು. ಪಿಸ್ಟನ್ನಿನ ಸ್ಕರ್ಟನ್ನು, ಅಂದರೆ ಕೆಳಭಾಗವನ್ನು, ಮೈಕ್ರೋಮೀಟರಿನಲ್ಲಿ ಅಳೆದು, 0.07 ಮಿ.ಮೀ. ಸಂದು ಬಿಟ್ಟು ಬೋರ್ ಮಾಡಿ, ಕಲ್ಲಿನಲ್ಲಿ ಉಜ್ಜಿ ಹೋನ್ ಮಾಡಿದರು.

ಇಲ್ಲಿ ಒಂದು ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬೋರ್ ಆದ ಮೇಲೆ ಪೋರ್ಟುಗಳ, ಅಂದರೆ ಮಿಶ್ರಣವೂ ಹೊಗೆಯೂ ಹೋಗಿಬರಲು ಸಿಲಿಂಡರಿನ ಗೋಡೆಯಲ್ಲಿರುವ ಕಿಟಕಿಗಳ, ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ. ಪಿಸ್ಟನ್ ರಿಂಗು ಪ್ರತಿ ಸುತ್ತಿನಲ್ಲೂ ಆ ಕಿಟಕಿಯಲ್ಲಿ ಸ್ವಲ್ಪ ಹೊರಗುಬ್ಬಿ ಮತ್ತೆ ಒಳಗೆ ಹೋಗಬೇಕು, ಅಂಚು ಹರಿತವಿದ್ದರೆ ರಿಂಗ್ ತಾಗಿ ಮುರಿಯುತ್ತದೆ. ಸಣ್ಣ ಎಣ್ಣೆಕಲ್ಲಿನಲ್ಲಿ ಎಲ್ಲ ಪೋರ್ಟುಗಳ ಮೇಲಂಚು, ಕೆಳಂಚು ಎರಡನ್ನೂ ಕೈಯಿಂದ ಉಜ್ಜಿ ಮೊಂಡು ಮಾಡಿದೆ. ಬೆರಳು ಆಡಿಸಿದರೆ ಎಲ್ಲೂ ತಡೆಯಬಾರದು. ಇಡೀ ಒಂದು ಸಂಜೆ ಅದಕ್ಕೇ ಹೋಯಿತು. ಆಮೇಲೆ ಬ್ಲಾಕನ್ನು ಬಿಸಿನೀರು, ಸೋಪು, ಬ್ರಶ್ಶು ಹಾಕಿ ತೊಳೆದೆ. ಪೆಟ್ರೋಲಿನಲ್ಲಿ ತೊಳೆದರೆ ಹೋನಿಂಗಿನ ಕಲ್ಲಿನ ಪುಡಿ ಪೂರ್ತಿ ಹೋಗುವುದಿಲ್ಲ. ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಬಿಳಿಯಾಗಿಯೇ ಉಳಿದ ಮೇಲೆ ಎಣ್ಣೆ ಹಚ್ಚಿದೆ.

ಕೂಡಿಸುವಾಗ ಚೇಂಬರನ್ನು ಒಲೆಯ ಮೇಲೆ ಕಾಯಿಸಿದೆ. ನೀರು ಚಿಮುಕಿಸಿದರೆ ಚುಂಯ್ ಅನ್ನುವಷ್ಟು ಕಾದರೆ ಸಾಕು. ಸಿ3 ಗುರುತಿನ (ಒಳಗಿನ ಸಂದು ತುಸು ಹೆಚ್ಚಿರುವ) ಬೇರಿಂಗುಗಳು ಹಿಂದಿನ ರಾತ್ರಿಯಿಂದ ಫ್ರಿಜ್ಜಿನ ಮೇಲಿನ ಖಾನೆಯಲ್ಲಿದ್ದವು. ಸುತ್ತಿಗೆ ಮುಟ್ಟದೆ ತಾವಾಗಿಯೇ ಬಿದ್ದು ಕೂತವು. ಸೀಲಿನ ವಿಷಯಕ್ಕೆ ಬಂದರೆ, ಹಳೆಯ ಸೀಲಿನ ತುಟಿ ಉಜ್ಜಿ ಉಜ್ಜಿ ಕ್ರ್ಯಾಂಕಿನ ಮೇಲೆ ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿತ್ತು. ಹೊಸ ಸೀಲನ್ನು ಅದೇ ಜಾಗದಲ್ಲಿ ಕೂರಿಸಿದರೆ ಮತ್ತೆ ಸೋರುವುದು ಖಂಡಿತ. ಜಾಗ ಇದ್ದದ್ದರಿಂದ ಒಂದು ಮಿ.ಮೀ. ಈಚೆಗೆ ಕೂರಿಸಿ, ತುಟಿ ಸವೆಯದ ಲೋಹದ ಮೇಲೆ ಬರುವಂತೆ ಮಾಡಿದೆ. ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಗಜನ್ ಪಿನ್ನಿನ ಲಾಕುಗಳನ್ನು ಹೊಸದೇ ಹಾಕಿದೆ. ರಿಂಗಿನ ಬಾಯಿ ಪಿಸ್ಟನ್ನಿನ ಗೂಟಕ್ಕೆ ಸರಿಯಾಗಿ ಕೂತಿದೆಯೇ ಅಂತ ಎರಡೆರಡು ಸಲ ನೋಡಿದೆ, ಅದು ತಪ್ಪಿದರೆ ಮೊದಲ ಕಿಕ್ಕಿಗೇ ರಿಂಗ್ ಮುರಿಯುತ್ತದೆ.

ಬ್ಲಾಕ್, ಹೆಡ್ ಕೂತ ಮೇಲೆ ಮತ್ತೆ ಅಜ್ಜಿಯ ಯಂತ್ರ. 280ಕ್ಕೆ ಏರಿಸಿ, ಬುರುಡೆಯ ತಿರುಪು ಬಿಗಿದು, ಅಪ್ಪನ ಕೈಗೆ ಮಾಪಕ ಕೊಟ್ಟೆ. ಐದು ನಿಮಿಷಕ್ಕೆ 270. ನಿಮಿಷಕ್ಕೆ 50ರ ತನಕ ಇಳಿದರೂ ಒಪ್ಪಬಹುದು ಎನ್ನುತ್ತಾರೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಎರಡು ಸಲ “ಇನ್ನೂರೆಪ್ಪತ್ತು” ಅಂದರು.

ಪ್ಲಗ್ಗಿನ ಕಿಡಿಯ ಹೊತ್ತು ನಿರ್ಧರಿಸುವ ಪಾಯಿಂಟಿನ ಸಂದು 0.4 ಮಿ.ಮೀ. ಇಗ್ನಿಷನ್ ಟೈಮಿಂಗಿಗೆ, ಪ್ಲಗ್ ತೂತಿನಿಂದ ವರ್ನಿಯರಿನ ಕಡ್ಡಿ ಇಳಿಸಿ ಪಿಸ್ಟನ್ನಿನ ಮೇಲ್ತುದಿ ಹಿಡಿದು, ಅಲ್ಲಿಂದ 3 ಮಿ.ಮೀ. ಹಿಂದಕ್ಕೆ ಬಂದೆ. ಪಾಯಿಂಟಿನ ನಡುವೆ ಸಿಕ್ಕಿಸಿದ ಸಿಗರೇಟ್ ಪ್ಯಾಕಿನ ತೆಳು ಹಾಳೆ ಅಲ್ಲೇ ಸಡಿಲವಾಗಬೇಕು. ಸೈಲೆನ್ಸರುಗಳ ಒಳಗಿನ ಮಸಿಯನ್ನು ಸೌದೆ ಬೆಂಕಿಯಲ್ಲಿ ಸುಟ್ಟು ತೆಗೆದೆ. ಕಾರ್ಬೊರೇಟರ್ ತೊಳೆದದ್ದು ಬಿಟ್ಟರೆ ಅದರಲ್ಲಿ ಏನೂ ಬದಲಿಸಲಿಲ್ಲ.

ಲೀಟರಿಗೆ 50 ಮಿಲಿ ಟೂಟಿ ಎಣ್ಣೆ ಹಾಕಿ ಕಿಕ್ ಕೊಟ್ಟೆ. ಆರನೆಯದಕ್ಕೆ ಹಿಡಿಯಿತು. ಹತ್ತು ನಿಮಿಷ ಓಡಿಸಿ, ಕೈ ಇಟ್ಟರೆ ತಣ್ಣಗಾಗುವ ತನಕ ಬಿಟ್ಟು, ಹೀಗೆ ಮೂರು ಸಲ. ತಣ್ಣಗಿರುವಾಗಲೇ ಹೆಡ್ಡಿನ ನಟ್ಟುಗಳನ್ನು ಅಡ್ಡಡ್ಡ ಕ್ರಮದಲ್ಲಿ ಮತ್ತೆ ಬಿಗಿದೆ. ಮೊದಲ 500 ಕಿ.ಮೀ. ಅಪ್ಪ ಒಬ್ಬರೇ ಓಡಿಸಿದರು, ಮೂಟೆ ಇಲ್ಲ, ಏರಿನ ತೋಟ ಇಲ್ಲ. ಆಮೇಲೆ ಎಣ್ಣೆಯನ್ನು ಲೀಟರಿಗೆ 40 ಮಿಲಿಗೆ ಇಳಿಸಿದೆವು, ಅದಕ್ಕಿಂತ ಕಡಿಮೆಗೆ ಹೋಗಿಲ್ಲ.

ಮೊನ್ನೆ ಅದೇ ಏರು ಹತ್ತಿಸಿ, ಮೇಲೆ ನಿಂತು ಪ್ಲಗ್ ಬಿಚ್ಚಿ ನೋಡಿದೆ. ಹಾಲು ಹದವಾಗಿ ಬಿದ್ದ ಕಾಫಿಯ ಬಣ್ಣ. ಮನೆಗೆ ಬಂದು ಗೇರ್ ಎಣ್ಣೆ ಬಸಿದು ಅಳೆದೆ. ಹಾಕಿದಷ್ಟೂ ಇತ್ತು.